ಮೂರೂವರೆ ಸೆಕೆಂಡು

ಎಸ್ಪಿ ರೋಡಿನ ಒಳಗಲ್ಲಿಯಲ್ಲಿ ಕೂತು
ಸತ್ತ ಆಂಪ್ಲಿಫೈಯರುಗಳ ಹೊಟ್ಟೆ ಬಗೆಯುವ ನನಗೆ
ಈ ವರ್ಷ ಹೋದಲ್ಲೆಲ್ಲ ಅದೇ ಹಾಡು.
ದರ್ಶಿನಿಯಲ್ಲಿ ತಟ್ಟೆ ಎತ್ತುವ ಹುಡುಗನ ಜೇಬಲ್ಲಿ,
ಮೆಜೆಸ್ಟಿಕ್ಕಿನ ಸುರಂಗದಲ್ಲಿ,
ಪಕ್ಕದಂಗಡಿ ಛಗನ್‌ಲಾಲರ ಫೋನು ಬಡಿದುಕೊಳ್ಳುವುದೂ ಅದರಲ್ಲೇ:
‘ಹೇಳಲೇನು ಹೆಸರ, ಹೇಳಲೇನು’
ಆಮೇಲೊಂದು ಗ್ಯಾಪು.
ಆಮೇಲೆ ‘ಬೇಡ ಬಿಡು.’

ಎಲ್ಲರಿಗೂ ಹುಚ್ಚು ಹಿಡಿಸಿರುವುದು ಆ ಗ್ಯಾಪೇ.
ಅರಮನೆ ಮೈದಾನದಲ್ಲಿ ಆ ಹುಡುಗ ಹಾಡಿದಾಗ
ಅಷ್ಟೂ ಜನ ಆ ಜಾಗದಲ್ಲಿ ಉಸಿರು ಹಿಡಿದು ನಿಂತು
ಒಟ್ಟಿಗೇ ಬೇಡ ಬಿಡು ಅಂದರಂತೆ.
ಎಂಥ ಸಂಯಮ ಅಂತ ಯಾರೋ ಬರೆದಿದ್ದರು.

ಸಂಯಮವಲ್ಲ. ತಪ್ಪು.

ಎಂಬತ್ತಾರನೇ ಇಸವಿ, ಚಾಮರಾಜಪೇಟೆ.
ಅಕ್ಕಿ ಮಂಡಿಯ ಮೇಲಿನ ಮಹಡಿ,
ಗೋಡೆಗೆ ಮೊಳೆ ಹೊಡೆದ ಗೋಣಿಚೀಲ,
ಅದಕ್ಕೇ ಸ್ಟುಡಿಯೊ ಅಂತ ಹೆಸರು.
ಹಾಡುವವಳು ಸುಗುಣ ಸ್ಯಾಮ್ಯುಯೆಲ್,
ಹಗಲು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ಟ್ರಂಕ್ ಕಾಲ್ ಜೋಡಿಸುವ ಕೆಲಸ.
‘ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?’
ಎಷ್ಟು ಜನರ ಪ್ರೀತಿಯನ್ನು ಆ ಗಂಟಲು
ಅರ್ಧ ಮಾತಿಗೇ ತುಂಡರಿಸಿತ್ತೋ.
ನಮ್ಮ ಹಾಡೂ ಮೂರೇ ನಿಮಿಷ,
ಬಿ ಸೈಡಿನಲ್ಲಿ ನಾಲ್ಕನೆಯದು,
ಜಾಗ ಉಳಿಯಿತಲ್ಲ ಅಂತ ಸೇರಿಸಿದ್ದು.

ಮೂರನೇ ಟೇಕು. ಮೊದಲೆರಡನ್ನು ಕರೆಂಟು ನುಂಗಿತ್ತು.
‘ಹೇಳಲೇನು’ ಅಂದವಳು ತಲೆಯೆತ್ತಿ ನೋಡಿದಳು,
ನಿಂತಳು.
ಗಾಜಿನ ಈಚೆ ನಾನು.
ನನ್ನ ಬೆನ್ನಿಗೆ ಬಾಗಿಲು, ಬಾಗಿಲಲ್ಲಿ
ಕಾಫಿ ಫ್ಲಾಸ್ಕು ಹಿಡಿದ ಕೊಳಲಿನ ಸೀತಾಪತಿ
(ಈ ಹಾಡಿಗೆ ಕೊಳಲಿರಲಿಲ್ಲ).
ಗಾಜಿನ ಮೇಲೆ, ಬಲ್ಬಿನ ಬೆಳಕಿಗೆ, ಅವಳದೇ ಮುಖ.
ಮೂವರಲ್ಲಿ ಯಾರನ್ನು ನೋಡಿದಳೋ.
ವಾದ್ಯದವರೂ ನಿಲ್ಲಿಸಿದರು, ಪಾಪ,
ಹೊಸ ಬದಲಾವಣೆ ಇರಬೇಕು ಅಂದುಕೊಂಡು.

ಮೂರೂವರೆ ಸೆಕೆಂಡು ಅಂದರೆ
ಟೇಪಿನಲ್ಲಿ ಮೂರು ಗೇಣು.
ರಾತ್ರಿ ಬ್ಲೇಡು ಕೈಯಲ್ಲೇ ಇತ್ತು.
ಕೊಯ್ದು ಅಂಟಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.
ಬೆಳಕಿಗೆ ಹಿಡಿದೆ: ಕಂದು ಪಟ್ಟಿ, ಅಷ್ಟೆ.
ಕಿವಿಗಿಟ್ಟರೆ
ಕೆಳಗೆ ಮಂಡಿಯಲ್ಲಿ ಅಕ್ಕಿ ಸುರಿಯುತ್ತಿತ್ತು,
ಆರಿಸಲು ಮರೆತ ಫ್ಯಾನು ನರಳುತ್ತಿತ್ತು,
ಅವಳು ಉಗುಳು ನುಂಗಿದಳು,
ಒಂದು ಬಳೆ ಇನ್ನೊಂದಕ್ಕೆ ತಾಗಿತು.
ಬ್ಲೇಡನ್ನು ಕಾಗದದಲ್ಲಿ ಸುತ್ತಿಟ್ಟೆ.

ಕ್ಯಾಸೆಟ್ಟು ಮುನ್ನೂರು ಹೋಯಿತು.
ಮಿಕ್ಕಿದ್ದರ ಮೇಲೆ ಯಾರೋ ಸುಪ್ರಭಾತ ತುಂಬಿಸಿ ಮಾರಿದರು.
ಅವಳಿಗೆ ಹುಬ್ಬಳ್ಳಿಗೆ ವರ್ಗವಾಯಿತು.
ಸೀತಾಪತಿಯ ಮದುವೆಗೆ ಹೋಗಿ ಉಂಡುಬಂದೆ,
ಹುಡುಗಿ ಬೇರೆ ಯಾರೋ.
ನಾನು ಯಾರನ್ನೂ ಕೇಳಲಿಲ್ಲ.

ಮೊನ್ನೆ ಬಂದಿದ್ದ, ಆ ಹುಡುಗನ ಸೌಂಡಿನವನು,
ಕಿವಿಗೆ ಓಲೆ, ಮಾತಿಗೆ ಮುಂಚೆ ಸಾರ್.
ಹಳೇ ಮಾಸ್ಟರ್ ಇದೆಯಾ ಸಾರ್?
ಗೆದ್ದಲು ತಿಂತು ಅಂದೆ,
ಬೆನ್ನ ಹಿಂದಿನ ಬೀರುವಿಗೆ ಸರಿಯಾಗಿ ಒರಗಿ ಕೂತು.
ಲ್ಯಾಪ್‌ಟಾಪಿನಲ್ಲಿ ಹಾಡು ತೋರಿಸಿದ,
ಆಚೆ ಬೆಟ್ಟಸಾಲು, ಈಚೆ ಬೆಟ್ಟಸಾಲು,
ನಡುವೆ ಸ್ಕೇಲಿಟ್ಟು ಎಳೆದ ಗೀಟು.
‘ಪೂರ್ತಿ ಸೊನ್ನೆ ಸಾರ್, ಒಂದು ಚೂರೂ ನಾಯ್ಸಿಲ್ಲ.’
ಚೆನ್ನಾಗಿದೆ ಕಣಪ್ಪ ಅಂದೆ.
ಸುಳ್ಳಲ್ಲ. ಅವಳಿಗಿಂತ ಶ್ರುತಿ ಶುದ್ಧ.

ಸಂಜೆ ಮಾರ್ಕೆಟ್ಟಿನಲ್ಲಿ ಬನಶಂಕರಿ ಬಸ್ಸು.
ಮುಂದಿನ ಸೀಟಿನ ಹುಡುಗಿಯ ಫೋನಿನಲ್ಲಿ
‘ಹೇಳಲೇನು ಹೆಸರ, ಹೇಳಲೇನು’,
ಆ ಸೊನ್ನೆಯೊಳಕ್ಕೆ
ಕಂಡಕ್ಟರು ಹೋಲ್ಡಾನ್ ಅಂತ ಕೂಗಿದ,
ಬಾಗಿಲು ಕಿರುಗುಟ್ಟಿತು,
ಸೊಪ್ಪಿನ ಚೀಲ ಎತ್ತಿಕೊಂಡು ಯಾರೋ ಹತ್ತಿದರು,
ಕಂಬಿಗೆ ಬಳೆ ತಾಗಿತು.

ತಲೆಯೆತ್ತಿ ನೋಡಿದೆ.
ನಾನಿಳಿಯುವ ಸ್ಟಾಪು ಹಿಂದಕ್ಕೆ ಹೋಗುತ್ತಿತ್ತು.